ಪೆಡಲಿಲ್ಲದೆ ಬಂದ ಸೈಕಲ್ಲು

ಕೆರೆಬಿಳಚಿ
9–11–2025, ಭಾನುವಾರ

ಮುದ್ದಿನ ಮಗಳು ರಕ್ಷವ್ವನಿಗೆ ಅಪ್ಪನ ತುಂಬು ಆಶೀರ್ವಾದ.

ಇಲ್ಲಿ ನಾನೂ ನಿನ್ನವ್ವನೂ ಆರಾಮಾಗಿದ್ದೇವೆ. ನಿನ್ನ ಕೈಯ ಪಟ್ಟಿ ಬಿಚ್ಚಿದರು, ಮೂಳೆ ಚೆನ್ನಾಗಿ ಕೂಡಿದೆ ಎಂದು ಜಗಳೂರಿನಿಂದ ನಿಮ್ಮ ಭೀಮಕ್ಕತ್ತೆ ಫೋನ್ ಮಾಡಿದ ಮೇಲೆ ನಮಗೆ ಹೋದ ಜೀವ ಬಂದಂತಾಯಿತು. ನಿನ್ನತ್ತೆಯಂಥ ಒಬ್ಬ ನರ್ಸ್ ಮನೆಯಲ್ಲೇ ಇರುವುದು ಎಷ್ಟು ಒಳ್ಳೆಯದು ನೋಡು. ಈ ಕಾಗದವನ್ನು ಒಂದು ತಿಂಗಳ ಹಿಂದೆಯೇ ಬರೆಯಬೇಕಿತ್ತು. ತಡವಾಯಿತು, ಕ್ಷಮಿಸು. ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು "ಉಂಡ್ಯೇನಪ್ಪ?" ಅನ್ನುತ್ತೀಯ, ನಾನು "ಉಂಡೆ, ನೀನು?" ಅನ್ನುತ್ತೇನೆ. ಅಷ್ಟಕ್ಕೇ ಇಬ್ಬರೂ ಫೋನು ಇಟ್ಟುಬಿಡುತ್ತೇವೆ. ನಾಲ್ಕು ಸಲ ಹೀಗೇ ಆಯಿತು. ಅದಕ್ಕೇ ಇವತ್ತು ಅಂಗಡಿ ತೆಗೆಯದೆ, ನಿನ್ನದೇ ಹಳೇ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ.

ಮೊನ್ನೆ ಬುಧವಾರ ನಿಮ್ಮ ಸೈಕಲ್ ಕೋಚ್ ನಾಗೇಂದ್ರಪ್ಪ ಸರ್ ಫೋನ್ ಮಾಡಿದ್ದರು. "ನಿಮ್ಮ ಹುಡುಗಿ ಸೈಕಲ್ ಬ್ಯಾಡ ಅಂತಾಳೆ ಸಣ್ಣಪ್ಪ. ಇಳಿಜಾರು ಅಂದ್ರೆ ನಂಗೆ ಭಯ ಸಾರ್, ಬ್ಯಾರೇರಿಗೆ ಕೊಡ್ರಿ ಅಂದ್ಲು. ನಾನೇನು ಮಾಡ್ಲಿ?" ಎಂದರು. ಅವರ ಹಳೇ ಶಿಷ್ಯರೆಲ್ಲ ಸೇರಿ ಕೊಡಿಸಿದ ಸೈಕಲ್ಲು, ಸುಮ್ಮನೆ ಅಂಗಡಿಯಲ್ಲಿ ನೇತುಹಾಕುವುದು ಅವರಿಗೂ ಸರಿ ಕಾಣುವುದಿಲ್ಲ. ಬರುವ ಭಾನುವಾರದವರೆಗೆ ಕಾಯುತ್ತಾರಂತೆ. ಅಷ್ಟರಲ್ಲಿ ನೀನು ಮನಸ್ಸು ಬದಲಿಸದಿದ್ದರೆ ಅದು ಹೊನ್ನಾಳಿಯ ಅಕ್ಷಿತಾಳಿಗೆ ಹೋಗುತ್ತದೆ, ರಾಜ್ಯಮಟ್ಟದ ಗುಡ್ಡದ ಸೈಕಲ್ ಸ್ಪರ್ಧೆಗೂ ಅವಳೇ ಹೋಗುತ್ತಾಳೆ. ಆ ಹುಡುಗಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ನೀನು ತೀರ್ಮಾನ ಮಾಡುವ ಮುಂಚೆ ಈ ಕಾಗದವನ್ನು ಪೂರ್ತಿ ಓದಬೇಕು.

ಮೊದಲು ಸೈಕಲ್ಲಿನ ವಿಷಯ. ಅದು ಬಂದ ದಿನ ನೀನು ಕಣ್ಣರಳಿಸಿಕೊಂಡು "ಹೆಂಗೈತಪ್ಪಾ?" ಎಂದು ಕೇಳಿದ್ದೆ. ನಾನು "ಪರವಾಗಿಲ್ಲ" ಅಂದಿದ್ದೆ. ಅದು ಬರೀ ಬಿಂಕ. ಬಸ್‌ಸ್ಟ್ಯಾಂಡಿನ ಪಕ್ಕ ಮೂವತ್ತೆಂಟು ವರ್ಷದಿಂದ ಸೈಕಲ್ ಷಾಪ್ ಇಟ್ಟವನು ಮಗಳ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುವುದು ಹೇಗೆ ಹೇಳು! ನಿಜವಾಗಿ ಏನನ್ನಿಸಿತು ಎಂದು ಈಗ ಬರೆಯುತ್ತೇನೆ.

ಡಬ್ಬ ಬಿಚ್ಚಿದಾಗ ನನ್ನ ಕಣ್ಣಿಗೆ ಬಿದ್ದದ್ದು ಇಲ್ಲದ ಪೆಡಲು. ನಾನು ಗಾಬರಿಯಾಗಿ "ಸಾರ್, ಪೆಡಲ್ ಮರ್ತು ಕಳಿಸ್ಯಾರೆ" ಅಂದೆ. ಸರ್ ನಕ್ಕು, "ಇಂಥ ಸೈಕಲ್ಲಿಗೆ ಪೆಡಲ್ ಕೊಡಲ್ಲ ಸಣ್ಣಪ್ಪ, ನಮಗೆ ಬೇಕಾದ್ದು ನಾವೇ ಹಾಕ್ಕೋಬೇಕು" ಅಂದರು. ಎದುರಿನ ಹೋಟೆಲಿನ ಬೆನಕಪ್ಪ ಸುಮ್ಮನಿರುತ್ತಾನೆಯೇ? "ಮನೆ ಕಟ್ಟಿಸಿ ಕೊಟ್ಟು ಬಾಗ್ಲು ನೀವೇ ಹಚ್ಕೊಳ್ರಿ ಅಂದಂಗಾತಲ್ರೀ ಇದು!" ಅಂದ. ಕೊನೆಗೆ ನನ್ನ ಗಲ್ಲೆಯ ಕೆಳಗಿದ್ದ ಒಂದು ಜೊತೆ ಪೆಡಲನ್ನೇ ಹಾಕಿದೆನಲ್ಲ, ಆ ಸೈಕಲ್ಲಿನಲ್ಲಿ ನನಗೆ ಪರಿಚಯವಿದ್ದದ್ದು ಅದೊಂದೇ.

ಆಮೇಲೆ ಎತ್ತಿದೆ. ನಮ್ಮ ಕಬ್ಬಿಣದ ಸೈಕಲ್ ಎತ್ತುವ ಅಭ್ಯಾಸದಲ್ಲಿ ಸೊಂಟ ಬಿಗಿಹಿಡಿದು ಎತ್ತಿದರೆ, ಅದು ತಲೆಯವರೆಗೆ ಬಂದು ನಾನೇ ಹಿಂದಕ್ಕೆ ವಾಲಿದೆ. ನೀನು ವೇಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದನ್ನು ನೋಡಿದೆ, ನೋಡಲಿಲ್ಲ ಅಂದುಕೊಳ್ಳಬೇಡ. ಬೆರಳಿನಿಂದ ಬಡಿದು ನೋಡಿದೆ. ಟಣ್ ಅನ್ನಲಿಲ್ಲ, ಟಪ್ ಅಂತು. ಕನ್ನಡಕ ಹಾಕಿಕೊಂಡು ಬೆಸುಗೆ ಎಲ್ಲಿದೆ ಎಂದು ಹುಡುಕಿದೆ. ಎಲ್ಲೂ ಇಲ್ಲ. ಒಂದು ಕೊಳವೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. "ಕಾರ್ಬನ್ ಅಂದ್ರೆ ಇದ್ಲಿ ಅಲ್ವೇನ್ರಿ? ಒಲಿ ಹತ್ರ ಒಯ್ಯಬ್ಯಾಡ್ರಿ ಮತ್ತೆ" ಎಂದು ಬೆನಕಪ್ಪ ಬುದ್ಧಿ ಹೇಳಿದ. ನಿನ್ನವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ರೇಷನ್ ಅಕ್ಕಿ ತಲಿ ಮ್ಯಾಲೆ ಇಟ್ಕಂಡು ಬರಾಕೆ ಆಗ್ತೈತಾ?" ಅಂದಳು. ಸೀಟು ಗುಂಡಿ ಒತ್ತಿದರೆ ಕೆಳಗಿಳಿಯುವುದನ್ನು ನೋಡಿದ ಮೇಲೆ ಮಾತ್ರ ಅವಳೂ ಎರಡು ಸಲ ಒತ್ತಿದಳು.

ಹೊರಗಿನಿಂದ ಕಂಡದ್ದು ಇಷ್ಟು. ಹತ್ತಿದ್ದು ಮೊನ್ನೆ ಶುಕ್ರವಾರ ಬೆಳಿಗ್ಗೆ. ಹೌದು, ನಾನೇ ಹತ್ತಿದೆ! ಪ್ಯಾಂಟಿನ ಕಾಲಿಗೆ ಟ್ಯೂಬಿನ ತುಂಡು ಕಟ್ಟಿಕೊಂಡು ಸೂಳೆಕೆರೆ ಏರಿಯ ಕಡೆ ಹೊರಟೆ. ಸೀಟು ಹಲಗೆಯಷ್ಟು ಗಟ್ಟಿ, ಅದನ್ನು ಮಾಡಿದವನನ್ನೇ ಒಂದು ದಿನ ಅದರ ಮೇಲೆ ಕೂರಿಸಬೇಕು. ಗೇರು ಎಲ್ಲೋ ಒತ್ತಿದೆ, ಕಾಲು ಗಿರಗಿರ ತಿರುಗಿತು, ಸೈಕಲ್ಲು ಮಾತ್ರ ಇದ್ದಲ್ಲೇ ಇತ್ತು. ಬಲೆ ಬಿಡಿಸುತ್ತಿದ್ದ ಶಿವಮೂರ್ತಪ್ಪ ತಲೆ ಎತ್ತಿ, "ಏನ್ ಸಣ್ಣಪ್ಪಣ್ಣ, ಮಗಳ ಸೈಕಲ್ ಕದ್ದು ಎಲ್ಲಿಗೆ ಹೊಂಟೀಯ?" ಎಂದು ಕೂಗಿದ. ನಾಚಿಕೆಯಾಯಿತು, ಆದರೆ ಇಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಗೇರಿನ ಲೆಕ್ಕ ಸಿಕ್ಕಿತು. ಏರಿ ಹತ್ತುವ ಆ ಕಲ್ಲಿನ ದಾರಿಯಲ್ಲಿ ನಾನು ಇಷ್ಟು ವರ್ಷ ಸೈಕಲ್ ತಳ್ಳಿಕೊಂಡೇ ಹೋದವನು. ಮೊನ್ನೆ ಕೂತೇ ಹತ್ತಿದೆ. ಕಲ್ಲು ಬಂದರೆ ಮುಂದಿನ ಚಕ್ರ ಅದನ್ನು ನುಂಗಿಕೊಳ್ಳುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ. ಮೇಲೆ ಹೋಗಿ ನಿಂತಾಗ ನೀರಿನ ಮೇಲೆ ಆಗ ತಾನೇ ಬಿಸಿಲು ಬಿದ್ದಿತ್ತು. ನನಗೆ ಉಸಿರು ಕಟ್ಟಿರಲಿಲ್ಲ, ಮಂಡಿ ನೋಯುತ್ತಿರಲಿಲ್ಲ. ಐವತ್ತೆಂಟು ವರ್ಷದ ನನಗೇ ಇದು ಇಷ್ಟು ಸುಖ ಕೊಟ್ಟರೆ ನನ್ನ ಮಗಳಿಗೆ ಏನೆಲ್ಲ ಕೊಟ್ಟಿರಬೇಕು ಎಂದು ಯೋಚಿಸಿ ಕಣ್ಣಲ್ಲಿ ನೀರು ಬಂತು. ಇದು ಪರವಾಗಿಲ್ಲ ಅನ್ನುವ ಸೈಕಲ್ಲಲ್ಲ ರಕ್ಷವ್ವ. ನನ್ನ ಜನ್ಮದಲ್ಲಿ ನಾನು ಮುಟ್ಟಿದ ಸೈಕಲ್ಲುಗಳಲ್ಲೆಲ್ಲ ಇದಕ್ಕಿಂತ ಒಳ್ಳೆಯದು ಇಲ್ಲ.

ಇನ್ನು ಇಳಿಯುವ ವಿಷಯ. ಗದ್ದೆಯ ಕಡೆಗೆ ಇಳಿಯುವ ದಾರಿಯಲ್ಲಿ ಬ್ರೇಕ್ ಹಿಡಿದೆ. ಕೀ ಎಂದು ಕಿರುಚಿತು, ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ, ಆಗಲೂ ಜಾರಿಕೊಂಡೇ ಹೋಯಿತು. ಇಳಿಜಾರು ಚಿಕ್ಕದಿತ್ತು, ಕೆಳಗೆ ಕೆಸರಿತ್ತು, ಬಚಾವಾದೆ. ಮೈಯೆಲ್ಲ ಕೆಸರಾಗಿ ಬಂದ ನನ್ನನ್ನು ನೋಡಿ ನಿನ್ನವ್ವ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆ ಬ್ರೇಕ್ ಹಾಗಾಗಲು ಕಾರಣ ನಾನು. ಆಯುಧಪೂಜೆಯ ದಿನ ನೀನು "ಅಪ್ಪಾ, ಕುಂಕುಮ ಹಚ್ಚಿ ಹೂವಿಡು ಸಾಕು, ಬ್ಯಾರೆ ಏನೂ ಮಾಡಬ್ಯಾಡ" ಎಂದು ಹೇಳಿಯೇ ಒಳಗೆ ಹೋಗಿದ್ದೆ. ಬಾಬಾಸಾಹೇಬರ ಫೋಟೊಕ್ಕೆ ಹಾರ ಹಾಕಿದೆ, ನಟ್ಟು ತಿರುಗಿಸುವ ಪಾನ, ಪಂಪು, ಕತ್ತರಿ ಎಲ್ಲ ತೊಳೆದು ಎಣ್ಣೆ ಸವರಿ ಸಾಲಾಗಿ ಇಟ್ಟೆ. ನಿನ್ನ ಸೈಕಲ್ಲಿಗೂ ಕುಂಕುಮ ಹಚ್ಚುವಾಗ ಚಕ್ರದ ನಡುವಿನ ತೂತುತೂತಿನ ಬಿಲ್ಲೆಗಳು ಕಂಡವು. ಬಣ್ಣವಿಲ್ಲದ ಬರೀ ಉಕ್ಕು, ತುಕ್ಕು ಹಿಡಿದೀತು ಅನ್ನಿಸಿತು. ಎಣ್ಣೆಬಟ್ಟೆ ಕೈಯಲ್ಲೇ ಇತ್ತು. ಎರಡನ್ನೂ ಉಜ್ಜಿ ಫಳಫಳ ಹೊಳೆಯಿಸಿದೆ. ಮೋಟಾರ್ ಬೈಕಿನಲ್ಲೂ ಅಂಥ ಬಿಲ್ಲೆಯನ್ನೇ ಬ್ರೇಕ್ ಹಿಡಿಯುತ್ತದೆಂದು ನನಗೆ ಗೊತ್ತಿಲ್ಲವೇ? ಗೊತ್ತು. ಹಬ್ಬದ ಸಡಗರದಲ್ಲಿ ಕೈ ಓಡಿತು, ಬುದ್ಧಿ ಓಡಲಿಲ್ಲ. ಮರುದಿನ ಸರ್ ತಮ್ಮ ಗಾಡಿಯಲ್ಲೇ ಸೈಕಲ್ಲನ್ನು ಉಬ್ರಾಣಿ ಗುಡ್ಡದ ಮೇಲಕ್ಕೆ ಒಯ್ದರು. ನೀನು ಮೊದಲ ಸಲ ಬ್ರೇಕ್ ಹಿಡಿದದ್ದೇ ಇಳಿಜಾರಿನ ತಿರುವಿನಲ್ಲಿ. ನಿನ್ನ ಕೈ ತಡಮಾಡಲಿಲ್ಲ ಮಗಳೇ. ಹಿಡಿಯಬೇಕಾದಲ್ಲೇ ಹಿಡಿದಿದ್ದೀಯ, ಅದು ನಿಲ್ಲದೆ ನೀನು ಬಿದ್ದೆ.

ನಿನ್ನೆ ದಾವಣಗೆರೆಗೆ ಹೋಗಿ ಹೊಸ ಬ್ರೇಕ್ ಪ್ಯಾಡ್ ತಂದೆ. "ಎಣ್ಣೆ ಕುಡಿದ ಪ್ಯಾಡು ತೊಳೆದ್ರೆ ಸರಿ ಹೋಗಲ್ರೀ, ಬದಲಿಸ್ಲೇಬೇಕು" ಎಂದು ಅಂಗಡಿಯವರು ಹೇಳಿದರು. ಬಿಲ್ಲೆಗಳನ್ನು ಸ್ಪಿರಿಟ್ ಹಾಕಿ ಮೂರು ಸಲ ಒರೆಸಿದೆ. ಇವತ್ತು ಬೆಳಿಗ್ಗೆ ಅದೇ ದಾರಿಯಲ್ಲಿ ಎರಡು ಸಲ ಇಳಿದು ನೋಡಿದೆ, ಒಂದೊಂದೇ ಬೆರಳಿಗೆ ನಿಲ್ಲುತ್ತದೆ. ಚೌಕಟ್ಟಿಗೆ ಒಂದು ಗೀರು ಬಿಟ್ಟರೆ ಬೇರೇನೂ ಆಗಿಲ್ಲ.

ಭೀಮಕ್ಕನಿಗೂ ತಿಪ್ಪೇಶಪ್ಪ ಮಾವನಿಗೂ ನಮಸ್ಕಾರ ತಿಳಿಸು. ಹೊತ್ತುಹೊತ್ತಿಗೆ ಊಟ ಮಾಡು, ಆ ಕೈಯಲ್ಲಿ ಇನ್ನೂ ಭಾರ ಎತ್ತಬೇಡ. ನಿನ್ನವ್ವ ನಿನಗೆಂದು ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ, ಬಂದವರ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಕೈಗೂ ಮನಸ್ಸಿಗೂ ಬಲ ಬರಲಿ, ಹೋದ ಕಡೆಯೆಲ್ಲ ದಾರಿ ನಿನಗೆ ಒಲಿಯಲಿ.

ನಿನ್ನ ಅಪ್ಪ,
ಸಣ್ಣಪ್ಪ

ವಿ.ಸೂ.: ಕಾಗದ ಮಡಚಿದೆ, ಮತ್ತೆ ಬಿಚ್ಚಿದೆ. ಹೇಳಲೇಬೇಕಾದದ್ದು ಇನ್ನೂ ಉಳಿದಿದೆ.

ನೀನು ಬಿದ್ದ ಮೂರನೇ ದಿನ ಸೈಕಲ್ ತೊಳೆಯುವಾಗ ಬೆರಳಿಗೆ ಆ ಬಿಲ್ಲೆಗಳ ಜಿಡ್ಡು ಅಂಟಿತು. ನನಗೆ ಆಗಲೇ ಗೊತ್ತಾಯಿತು, ಶುಕ್ರವಾರದವರೆಗೆ ಕಾಯಬೇಕಿರಲಿಲ್ಲ. ಶುಕ್ರವಾರ ಹತ್ತಿದ್ದು ಖಾತ್ರಿ ಮಾಡಿಕೊಳ್ಳಲು ಅಷ್ಟೇ. ಅದೇ ಹೊತ್ತಿಗೆ ಸರ್ ಬಂದು "ಬ್ರೇಕ್ ಗೀಕ್ ಏನಾದ್ರೂ ಕೈಕೊಡ್ತಾ ಸಣ್ಣಪ್ಪ?" ಎಂದು ಕೇಳಿದರು. ಬೆನಕಪ್ಪ ಇದ್ದ, ಇನ್ನೂ ನಾಲ್ಕು ಜನ ಇದ್ದರು. ನಾನು, "ನನ್ನ ಅಂಗಡಿಯಿಂದ ಹೋದ ಸೈಕಲ್ ಬ್ರೇಕ್ ತಪ್ಪಾಕೆ ಹೆಂಗೆ ಸಾಧ್ಯ ಸಾರ್? ಅವಳಿಗೆ ಸಣ್ಣಾಕಿ ಇದ್ದಾಗಿಂದ್ಲೂ ಇಳಿಜಾರು ಅಂದ್ರೆ ಭಯ" ಅಂದುಬಿಟ್ಟೆ.

ನೀನು ಅಂಗಡಿಯ ಹಿಂದಿನ ಕೋಣೆಯಲ್ಲೇ ಮಂಚದ ಮೇಲೆ ಇದ್ದೆ. ನಾನು ಒಳಗೆ ಬಂದಾಗ ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ನಿದ್ದೆ ಮಾಡಿರಲಿಲ್ಲ. ಮಾರನೇ ದಿನ "ಅತ್ತೆ ಮನಿಗೆ ಹೋಗ್ತೀನಪ್ಪ" ಅಂದೆ. ಯಾಕೆಂದು ನಾನು ಕೇಳಲಿಲ್ಲ.

ಇವತ್ತು ಸಂಜೆ ಚನ್ನಗಿರಿಗೆ ಹೋಗಿ ಸರ್‌ಗೆ ಎಲ್ಲವನ್ನೂ ಹೇಳುತ್ತೇನೆ. ಬೆನಕಪ್ಪನಿಗೆ ಆಗಲೇ ಹೇಳಿದ್ದೇನೆ. ನಿನಗೆ ಸೈಕಲ್ ಬೇಡವೆಂದರೆ ಬೇಡ ಅನ್ನು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಭಯ ಎಂದು ಹೇಳಿ ಬೇಡ ಅನ್ನಬೇಡ. ಆ ಮಾತು ನಿನ್ನದಲ್ಲ ರಕ್ಷವ್ವ, ನನ್ನ ಬಾಯಿಂದ ಬಂದದ್ದು.