ಒಡಪಿನಲ್ಲಿ ಬಿಟ್ಟ ಹೆಸರು

ಕೊಟ್ಟೂರು
೧೮ ಜನವರಿ ೨೦೦೧

ನನ್ನ ಮುದ್ದು, ನನ್ನ ಮೊಂಡು ಅಮೃತಾ,

ಇದನ್ನು ಬರೆಯುತ್ತಿರುವವಳು ಎಣ್ಣೆ ಗಿರಣಿ ಮನೆಯ ದಾಕ್ಷಾಯಣಮ್ಮ. ನಿನ್ನ ಅಜ್ಜಿಯ ಹೆಸರು ನಿನಗೆ ಹೇಳಬೇಕಾಗಿಲ್ಲ, ಗೊತ್ತು. ಆದರೂ ಮೊದಲೇ ಬರೆದೆ, ಏಕೆಂದರೆ ಮುಂದಿನದು ಈ ಮನೆಯ ಹಿರಿಯಳು ಆಡುತ್ತಿರುವ ಮಾತು. ಹರಪನಹಳ್ಳಿಯಲ್ಲಿ ಹೈಸ್ಕೂಲು ಮುಗಿಸಿ ಇಲ್ಲಿಗೆ ಸೊಸೆಯಾಗಿ ಬಂದವಳು, ನಿನ್ನ ಅಜ್ಜ ಹೋದ ಮೇಲೆ ಗಿರಣಿ ನಡೆಸಿದವಳು ನಾನು. ನಮ್ಮ ಓಣಿಯಲ್ಲಿ ಯಾರ ಮದುವೆಯಾದರೂ ಹೊಸ ಜೋಡಿಯನ್ನು ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸುವವಳೂ ನಾನೇ. ಜೊತೆಗಾರರ ಹೆಸರನ್ನು ಪದ ಕಟ್ಟಿ ಹೇಳದ ಹೊರತು ನನ್ನ ಕೈ ಬಾಗಿಲಿನಿಂದ ಸರಿಯುವುದಿಲ್ಲ.

ಆರೋಗ್ಯ ಹೇಗಿದೆ? ನೀನು ಹಾಡಿದ ಹೊಸ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ನಿನ್ನ ಗಂಟಲು ಕಟ್ಟಿದಂತಿದೆ. ಮೈಸೂರಿನ ಚಳಿಯಲ್ಲಿ ತಲೆಗೆ ಏನೂ ಸುತ್ತಿಕೊಳ್ಳದೆ ತಿರುಗುತ್ತೀಯೆಂದು ಕಾಣುತ್ತದೆ. ಬಿಸಿನೀರಿಗೆ ಮೆಣಸು, ಬೆಲ್ಲ ಹಾಕಿ ಕುಡಿ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಮೊಣಕಾಲು ಅದರ ಪಾಡಿಗೆ ನೋಯುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ.

ಹೌದು, ನಿನ್ನ ಹಾಡು ಕೇಳಿದೆ. ಬಸ್ ನಿಲ್ದಾಣದ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿರುವ ಯೂಸುಫ್ ಸಾಬ್ ತಾನೇ ತಂದುಕೊಟ್ಟ. ಮರುದಿನವೇ ಓಡಿಬಂದು, "ಅಮ್ಮಾರ, ಆ ಕ್ಯಾಸೆಟ್ ಕೊಡ್ರಿ, ಬದಲಿ ಕೊಡ್ತೀನಿ. ಹೆಸರು ಹೇಳೋ ಜಾಗದಾಗ ಹುಡುಗಿ ದನಿನ ಇಲ್ಲ, ಟೇಪ್ ಕೆಟ್ಟೈತಿ" ಎಂದ. ಬದಲಿ ಕೊಟ್ಟದ್ದರಲ್ಲೂ ಅದೇ ಮೌನ. ಪಾಪ, ಅಷ್ಟೂ ಕ್ಯಾಸೆಟ್ಟುಗಳನ್ನು ಹುಬ್ಬಳ್ಳಿಗೆ ವಾಪಸು ಕಳಿಸಲು ಡಬ್ಬಿ ಕಟ್ಟಿಟ್ಟಿದ್ದ. ಒಡಪು ಕೇಳಿ ಬೆಳೆದ ಊರಿಗೆ ಹೆಸರಿಲ್ಲದೆ ಮುಗಿಯುವ ಒಡಪು ಕೆಟ್ಟ ಟೇಪಿನಂತೆಯೇ ಕೇಳಿಸುತ್ತದೆ.

ನಿನ್ನ ಅಪ್ಪ ಇನ್ನೂ ಮುಂದೆ ಹೋದ. ಹಡಗಲಿಯ ಸಂಬಂಧಕ್ಕೆ ಒಪ್ಪದಿದ್ದರೆ ಈ ಮನೆ ಮೆಟ್ಟಬೇಡ ಎಂದು ನಿನ್ನ ಮೇಲೆ ಗುಡುಗಿದವನು, ಈಗ ಆ ಹಾಡನ್ನು ಗಿರಣಿಯಲ್ಲಿ ಹಾಕಿಸಿ, "ನಾಚಿಕೊಂಡಾಳ ನೋಡ್ರಿ, ಹುಡುಗನ ಹೆಸರು ಬಾಯಾಗ ಐತಿ, ಹೊರಗ ಬರವಲ್ದು" ಎಂದು ಬಂದವರಿಗೆಲ್ಲ ಹೇಳಿದ. ಶಿವರಾತ್ರಿಗೆ ಮೊದಲೇ ನಿಶ್ಚಿತಾರ್ಥ ಎಂದೂ ಸಾರಿಬಿಟ್ಟ.

ನಾನು ಹಾಡನ್ನು ತಿರುಗಿಸಿ ತಿರುಗಿಸಿ ಕೇಳಿದೆ.

"ಒಂದ ಕನ್ನಡ್ಯಾಗ ಎರಡು ಜಡಿ, ನಡುವ ಮಲ್ಲಿಗಿ ದಂಡಿ,
ಅರ್ಧ ಹರಿದು ನನಗ ಮುಡಿಸಿದವರ ಹೆಸರ ಹೇಳತೀನಿ..."

ಅಲ್ಲಿಗೆ ನಿನ್ನ ದನಿ ನಿಲ್ಲುತ್ತದೆ, ಗಿಟಾರು ಮಾತ್ರ ನುಡಿಯುತ್ತದೆ. ಲೇ ಅಮೃತಾ, ಹಡಗಲಿಯ ಹುಡುಗನಿಗೆ ಜಡೆ ಎಲ್ಲಿಂದ ಬಂತು? ಊರೆಲ್ಲ ಹೆಸರಿಗಾಗಿ ಕಿವಿಗೊಟ್ಟಿತ್ತು, ಜಡೆಯನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ನಿನ್ನ ಪಕ್ಕದಲ್ಲಿ ಗಿಟಾರು ಹಿಡಿದು ನಿಂತವಳು ನಿನ್ನ ಗೆಳತಿ, ತಂಬ್ರಹಳ್ಳಿಯ ಗಂಗಾಂಬಿಕಾ. ಅವಳ ಜಡೆಯಲ್ಲೂ ಮಲ್ಲಿಗೆ, ನಿನ್ನದರಲ್ಲೂ.

ಇನ್ನೊಂದು ಹಾಡಿದೆಯಲ್ಲ, "ಊರ ದರ್ಜಿ ಹೊಲಿದ ಕುಪ್ಪಸ ನನಗ ಹಿಡಿಲಿಲ್ಲ, ನನ್ನ ಅಳತಿ ನಾನ ತಗೊಂಡೆ" ಅಂತ. ಅದನ್ನು ಕೇಳುವಾಗ ನೀನು ಲಂಗ ದಾವಣಿಯಲ್ಲಿದ್ದದ್ದು ಕಣ್ಣಿಗೆ ಕಟ್ಟಿತು. ಮದುವೆ ಮನೆಯಲ್ಲಿ ನಿನ್ನ ಓರಗೆಯ ಹುಡುಗಿಯರೆಲ್ಲ ಯಾವನೋ ಹುಡುಗನ ಹೆಸರಿಟ್ಟು ಆಟಕ್ಕೆ ಒಡಪು ಹೇಳುತ್ತಿದ್ದರೆ, ನೀನು ನನ್ನ ಸೆರಗು ಹಿಡಿದು, "ಅಜ್ಜಿ, ನನಗ ಯಾವ ಹೆಸರೂ ಬರವಲ್ದು" ಎಂದಿದ್ದೆ. ಈಗ ಬಂದಿದೆ. ಬಂದದ್ದನ್ನು ಗಿಟಾರಿನ ಹಿಂದೆ ಮುಚ್ಚಿಡುತ್ತೀಯ, ನನ್ನ ಮೊಮ್ಮಗಳಾಗಿ!

ಇದೆಲ್ಲ ನನಗೆ ಪೂರ್ತಿ ತಿಳಿಯಿತೆಂದು ಸುಳ್ಳು ಬರೆಯುವುದಿಲ್ಲ. ನಾನು ಓದಿದ ಪಾಠಗಳಲ್ಲಿ ಇದು ಇರಲಿಲ್ಲ. ಆದರೆ ನಿನ್ನ ದನಿ ನನಗೆ ಗೊತ್ತು. ಅದು ತಮಾಷೆಗೆ ಹಾಡಿದ ದನಿಯಲ್ಲ.

ನಿನ್ನ ಅಪ್ಪನನ್ನು ಕೂಡಿಸಿ, "ಗಂಗಾಧರ, ಹಾಡು ಹಚ್ಚು. ಈ ಸಲ ಜಡಿ ಕೇಳು" ಎಂದೆ. ಕೇಳಿದ. ಮುಖ ಕಪ್ಪಾಯಿತು. "ಅವ್ವಾ, ಮಂದಿ ಏನಂತಾರ?" ಎಂದ. "ಮಂದಿ ಟೇಪ್ ಕೆಟ್ಟೈತಿ ಅಂತಾರ. ಹಡದಾವ ನೀ ಹಂಗ ಅನಬ್ಯಾಡ" ಎಂದೆ. ಮರುದಿನ ನಾನೇ ಹಡಗಲಿಗೆ ಹೋಗಿ, ನಿಮ್ಮ ಹುಡುಗನಲ್ಲಿ ಕೊರತೆಯಿಲ್ಲ, ನಮ್ಮ ಹುಡುಗಿಗೆ ಒಲ್ಲದ ಮದುವೆ ಮಾಡುವುದಿಲ್ಲ ಎಂದು ಹೇಳಿ, ಅವರು ಕೊಟ್ಟಿದ್ದ ಸೀರೆ ತಿರುಗಿ ಕೊಟ್ಟು ಬಂದೆ. ಅಂದಿನಿಂದ ನಿನ್ನ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟ ಬಿಟ್ಟಿಲ್ಲ. ಸಿಟ್ಟಿಗೆ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಾನೆ.

ಅಡುಗೆಯ ಈರಕ್ಕ ನಿನ್ನನ್ನು ಕೇಳಿದ್ದಾಳೆ, ಶೇಂಗಾ ಹೋಳಿಗೆ ತೆಗೆದಿಟ್ಟಿದ್ದಾಳೆ. ಕೊಟ್ಟೂರೇಶ ನಿನ್ನ ಗಂಟಲನ್ನೂ ಅದರಲ್ಲಿ ಸಿಕ್ಕಿಕೊಂಡಿರುವ ಮಾತನ್ನೂ ಕಾಯಲಿ.

ನಿನ್ನ ಅಜ್ಜಿ
ದಾಕ್ಷಾಯಣಮ್ಮ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಗೀಚುತ್ತಿದ್ದೇನೆ. ನೀನು ಬಂದಾಗ ಹೊಸ್ತಿಲಲ್ಲಿ ನಿಲ್ಲಿಸುತ್ತೇನೆ, ಹೆಸರು ಸಮೇತ ಒಡಪು ಕಟ್ಟಿಕೊಂಡೇ ಬಾ. ಗಂಗಾಂಬಿಕಾ ಸಂಕ್ರಾಂತಿಗೆ ಊರಿಗೆ ಬಂದದ್ದು ತಿಳಿದು ಕರೆಸಿದ್ದೆ. ಇವತ್ತು ಬೆಳಿಗ್ಗೆ ಬಂದಳು. ಬಾಗಿಲಿಗೆ ಕೈ ಅಡ್ಡ ಹಿಡಿದು, "ಒಡಪು ಹೇಳವ್ವಾ" ಎಂದೆ. ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ನಿನ್ನ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಎದ್ದು ಹೋಗಲಿಲ್ಲ. ಹುಡುಗಿ ಬೆವರಿದಳು. ಆಮೇಲೆ ತಲೆಯೆತ್ತಿ, "ಗಿರಣಿ ಮನಿ ಬಾಗಿಲಿಗೆ ಗಟ್ಟಿ ಕೈ ಅಡ್ಡ, ನನ್ನ ಜಡಿಗೆ ಮಲ್ಲಿಗಿ ತಂದಾಕಿ ಅಮೃತಾ" ಎಂದಳು. ಪ್ರಾಸ ಕೂಡಲಿಲ್ಲ. ಹೆಸರು ನುಂಗಲಿಲ್ಲ. ನಾನು ಕೈ ತೆಗೆದೆ.