ಅಪ್ಪನ ವೈರಿಲ್ಲದ ಹೆಡ್‌ಫೋನ್

ಲಿಂಗಂಪಲ್ಲಿ, ಹೈದರಾಬಾದ್
೧೨ ನವೆಂಬರ್ ೨೦೦೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಮಾನ್ವಿಯಲ್ಲಿ ಬೆಳಗಿನ ಚಳಿ ಸುರುವಾಗಿರಬೇಕು, ಬರಿಗಾಲಲ್ಲಿ ಅಂಗಳಕ್ಕೆ ನೀರು ಹಾಕುತ್ತ ನಿಲ್ಲಬೇಡ. ಸುವರ್ಣಕ್ಕನ ಕೂಸು ಈಗ ಮುಖ ಗುರುತು ಹಿಡಿಯುತ್ತದೆಯೇ? ಎರೆಯುವಾಗ ಇನ್ನೂ ಓಣಿಯೆಲ್ಲ ಕೇಳುವಂತೆ ಅಳುತ್ತದೆಯೇ? ಅಳಲಿ ಬಿಡು, ಹೆಣ್ಣು ಕೂಸಿಗೆ ದನಿ ಇದ್ದಷ್ಟೂ ಒಳ್ಳೆಯದು. ಇಲ್ಲಿ ನಾವು ನಡೆಸಿಕೊಂಡು ಹೊರಟಿದ್ದೇವೆ. ರವಿ ಅಣ್ಣನಿಗೆ ಇನ್ನೂ ರಾತ್ರಿ ಪಾಳಿಯೇ. ಸಂಜೆ ಮಾದಾಪುರದ ಕ್ಯಾಬ್ ಬಂದು ಹಾರ್ನ್ ಹೊಡೆಯುತ್ತದೆ, ಅಣ್ಣ ಅಮೆರಿಕದವರ ಕ್ರೆಡಿಟ್ ಕಾರ್ಡಿನ ದೂರು ಕೇಳಲು ಹೋಗುತ್ತಾನೆ, ಬೆಳಗ್ಗೆ ಬಂದು ಮಲಗುತ್ತಾನೆ. ರೊಟ್ಟಿ ನಾನೇ ಬಡಿಯುತ್ತೇನೆ. ಮೊದಲ ದಿನ ಅಣ್ಣ ಒಂದನ್ನು ಎತ್ತಿ ಹಿಡಿದು, "ಇದು ತಿನ್ನಾಕೋ, ಬಾಗಿಲಕ್ಕ ಬಡ್ಯಾಕೋ?" ಅಂದ. ಈಗ ಸುಮ್ಮನೆ ತಿನ್ನುತ್ತಾನೆ. ಯಾದಗಿರಿ ಕಡೆಯ ಕೂಲಿಯವರ ಶೆಡ್ಡಿನಲ್ಲಿ ನನ್ನ ಸಂಜೆಯ ಪಾಠ ನಡೆದಿದೆ. ಅಲ್ಲಿಯ ಹೆಂಗಸರೆಲ್ಲ ನಿನ್ನನ್ನು ಕೇಳುತ್ತಾರೆ.

ಅವ್ವಾ, ಈ ಪತ್ರವನ್ನು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಬೇಡ, ಮಾಳಿಗೆ ಮೇಲೆ ಹೋಗಿ ಓದು. ಫೋನಿನಲ್ಲಿ ಹೇಳೋಣವೆಂದರೆ ಶರಣಬಸಮ್ಮ ಚಿಗವ್ವನ ಮನೆಯ ಫೋನಿಗೆ ಹತ್ತು ಕಿವಿ, ನೀನು "ಹೂಂ, ಆರಾಮ ಅದೀನಿ, ಉಂಡ್ರೇನು" ಎಂಬುದರಾಚೆ ಒಂದು ಮಾತೂ ಆಡುವುದಿಲ್ಲ. ಸುವರ್ಣಕ್ಕನ ಬಾಣಂತನಕ್ಕೆಂದು ಹೋದೆ, ಅದು ಮುಗಿಯಿತು, ತೊಟ್ಟಿಲೂ ಆಯಿತು, ದೀಪಾವಳಿಯೂ ಹೋಯಿತು. ನೀನು ಯಾಕೆ ಬರುತ್ತಿಲ್ಲ ಎಂದು ನಾನು ಕೇಳುವುದಿಲ್ಲ, ನನಗೆ ಗೊತ್ತು. ಅವತ್ತು ನೀನು ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ನಿನ್ನ ಬೆನ್ನ ಹಿಂದೆ ನಾನಿದ್ದೆ. "ನಾ ಮಾನ್ವಿಗಿ ಹೊಂಟೀನ್ರಿ. ಬರೂದು ತಡಾ ಆದೀತು. ಬ್ಯಾಡಂದ್ರ ಈಗಽ ಹೇಳಿಬಿಡ್ರಿ" ಎಂದು ನೀನು ಅಂದೆ. ಅಪ್ಪ ನಿನಗೆ ಬೆನ್ನು ಮಾಡಿ, ಕಿವಿಗೆ ಆ ಹೆಡ್‌ಫೋನ್ ಹಾಕಿಕೊಂಡು ಟಿವಿ ನೋಡುತ್ತ ಕೂತಿದ್ದ. ನೀನು ಕಾಯುತ್ತ ನಿಂತೆ. ಆಗ ಅಪ್ಪ ಹೊಟ್ಟೆ ತುಂಬ ನಕ್ಕ. ಆಟೋದಲ್ಲಿ ನೀನು ಹೇಳಿದ್ದು ಒಂದೇ ಮಾತು: "ನಾ ಹೊಂಟ್ರ ಅವ್ರಿಗಿ ನಗೀ ಬರ್ತದ, ನೋಡು." ಸ್ಟೇಷನ್ ಬರುವತನಕ ನೀನು ಹೊರಗೇ ನೋಡುತ್ತಿದ್ದೆ.

ಆ ನಗುವಿನ ಬಗ್ಗೆಯೇ ನಾನು ಬರೆಯುತ್ತಿರುವುದು.

ಹೆಡ್‌ಫೋನ್ ಮನೆಗೆ ಬಂದ ದಿನದಿಂದ ನಾನು ಅದರ ವೈರಿ, ನಿನಗೆ ಗೊತ್ತು. ಅಪ್ಪ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಟಿವಿಯ ದನಿ ದಿನದಿನಕ್ಕೆ ಏರುತ್ತ ಹೋಯಿತು. ಮೇಲಿನ ಮನೆಯ ಪ್ರೇಮಾ ಆಂಟಿ ತಮ್ಮ ಟಿವಿ ಬಂದ್ ಮಾಡಿ ನಮ್ಮದರಲ್ಲೇ ಧಾರಾವಾಹಿ ಕೇಳುತ್ತೇನೆಂದು ಚುಚ್ಚುತ್ತಿದ್ದರು. ಹಗಲು ನಿದ್ದೆಯ ಅಣ್ಣ ದಿಂಬಿನಡಿ ತಲೆ ತುರುಕಿ ನರಳುತ್ತಿದ್ದ. ಕಡೆಗೆ ಹಿಮಾಯತ್‌ನಗರದ ಅಂಗಡಿಯಿಂದ ಅವನೇ ಆ ಡಬ್ಬ ತಂದ. ಟಿವಿಯ ಮೇಲೆ ಇಡುವ ಸಣ್ಣ ಪೀಠ, ಅದಕ್ಕೊಂದು ಕಡ್ಡಿ ಆಂಟೆನಾ, ಕಿವಿಗೆ ಎರಡು ಕರಿ ಬಟ್ಟಲು. ನಡುವೆ ವೈರೇ ಇಲ್ಲ. ಅಪ್ಪ ಅದನ್ನು ಹಾಕಿಕೊಂಡು ಬಾಲ್ಕನಿಗೆ ಹೋದ, ತುಳಸಿಗೆ ನೀರು ಹಾಕಿದ, "ಇಲ್ಲೂ ಕೇಳಸ್ತದಲ್ಲೋ!" ಎಂದು ಹುಡುಗನಂತೆ ಕೂಗಿದ. ನೀನು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕೆ. ಆಮೇಲೆ ಮನೆ ಮೂಕಾಯಿತು.

ನೀನು ಟಿವಿಯ ಮುಂದೆ ಎಂದೂ ಕೂತವಳಲ್ಲ. ನಿನ್ನ ಧಾರಾವಾಹಿ ಕಿವಿಯ ಮೇಲೆಯೇ ನಡೆಯುತ್ತಿತ್ತು; ಒಲೆಯ ಮುಂದಿನಿಂದಲೇ "ಅಕಿ ಸುಳ್ಳ ಹೇಳಾಕತ್ತಾಳ, ನಂಬಬ್ಯಾಡ" ಎಂದು ನಾಯಕನಿಗೆ ಎಚ್ಚರ ಕೊಡುತ್ತಿದ್ದೆ. ಆ ದನಿಯನ್ನು ಒಬ್ಬರ ಕಿವಿಗೆ ಕಟ್ಟಿದ ಮೇಲೆ ನಿನ್ನ ಪಾಲಿನದು ಹೋಯಿತು. ನಾನು ಅಂದೇ ಅಣ್ಣನಿಗೆ ಭಾಷಣ ಮಾಡಿದ್ದೆ. ಬಾವಿ, ಗೋಮಾಳ, ಕೆರೆ ಎಲ್ಲ ಒಬ್ಬೊಬ್ಬರ ಪಾಲಾದದ್ದು ಹೀಗೆಯೇ, ಈಗ ಮನೆಯೊಳಗಿನ ಸದ್ದಿನ ಸರದಿ ಎಂದೆ. ಸ್ಟೇಷನ್ ಎದುರು ಹೋರಾಟದವರು ಹಾಕುವ ಮೇಜಿನಿಂದ ತಂದ ಪುಸ್ತಿಕೆಗಳನ್ನು ಓದಿ ನನ್ನ ತಲೆ ಕೆಟ್ಟಿದೆ ಎಂದ ಅಣ್ಣ. ನನ್ನ ತಲೆ ಕೆಟ್ಟಿಲ್ಲ. ಮನುಷ್ಯರು ಜೊತೆಗೆ ಕೇಳಬೇಕು, ಜೊತೆಗೆ ನಗಬೇಕು ಎಂಬುದನ್ನು ನಾನು ಈಗಲೂ ನಂಬುತ್ತೇನೆ.

ಆದರೆ ನೀನು ಹೋದ ಮೇಲೆ ಒಂದು ಮಧ್ಯಾಹ್ನ, ಅಪ್ಪ ಸ್ನಾನಕ್ಕೆ ಹೋದಾಗ, ನಾನೂ ಅದನ್ನು ತಲೆಗೇರಿಸಿಕೊಂಡು ಮಾಳಿಗೆ ಹತ್ತಿದೆ, ಅವ್ವಾ. ಮನೆಯಲ್ಲಿ ಯಾವುದೋ ತೆಲುಗು ಸಿನಿಮಾ ನಡೆದಿತ್ತು. ಮಾಳಿಗೆಯಲ್ಲಿ ಪ್ರೇಮಾ ಆಂಟಿಯ ಸೀರೆಗಳು ಒಣಗುತ್ತಿದ್ದವು. ಆ ಸೀರೆಗಳನ್ನು ತೂರಿ, ನನ್ನ ಮೈಯನ್ನೂ ತೂರಿ, ಕಾಣದ ಆ ದನಿ ಬಂದು ಕಿವಿಯಲ್ಲಿ ಕೂತಿತು. ದೂರದಲ್ಲಿ ಮಾದಾಪುರದ ಕ್ರೇನುಗಳು ನಿಧಾನಕ್ಕೆ ಕತ್ತು ತಿರುಗಿಸುತ್ತಿದ್ದವು. ಸ್ಟೇಷನ್ನಿನ ಹಳಿಗಳ ಮೇಲೆ ಖಾಲಿ ಬೋಗಿಗಳು ಬಿಸಿಲು ಕಾಯಿಸುತ್ತ ನಿಂತಿದ್ದವು. ಯಾರೋ ಹೆಣ್ಣುಮಗಳು ನನ್ನ ಕಿವಿಯಲ್ಲಿ ಅಳುತ್ತಿದ್ದಳು, ಆಕಾಶದಲ್ಲಿ ಒಂದು ಹದ್ದು ರೆಕ್ಕೆ ಬಡಿಯದೆ ತೇಲುತ್ತಿತ್ತು, ಅದೇ ಅಳುತ್ತಿದೆ ಎನ್ನಿಸಿತು. ಗಾಳಿಯ ತುಂಬ ಇಂಥ ದನಿಗಳು ತುಂಬಿರಬೇಕು, ಹಿಡಿಯುವ ಬಟ್ಟಲು ಇದ್ದವರಿಗಷ್ಟೇ ಸಿಗುತ್ತವೆ ಎಂದುಕೊಂಡೆ. ಇಷ್ಟು ವರ್ಷ ನೀನು ಅಡುಗೆಮನೆಯಿಂದ ಆಡಿದ ಮಾತುಗಳು, ಯಾರೂ ತಿರುಗಿ ಉತ್ತರ ಕೊಡದವು, ಎಲ್ಲಿ ಹೋಗಿರಬಹುದು? ಈ ಮನೆಯಲ್ಲೇ ಗೋಡೆಯಿಂದ ಗೋಡೆಗೆ ಈಜುತ್ತಿರಬಹುದು, ಹಿಡಿಯುವವರಿಲ್ಲದೆ. ಎಷ್ಟು ಹೊತ್ತು ನಿಂತಿದ್ದೆನೋ. ಸಿನಿಮಾ ಮುಗಿದು ಸೋಪಿನ ಜಾಹೀರಾತು ಬಂದಾಗ ಎಚ್ಚರವಾಯಿತು.

ಕೆಳಗಿಳಿದವಳೇ ತೀರ್ಮಾನ ಮಾಡಿದೆ. ಹೋರಾಟ ಬರಿ ಮಾತಲ್ಲಿ ಆಗುವುದಿಲ್ಲ. ಕರಿ ಬಟ್ಟಲಿನ ಮುಚ್ಚಳ ತೆಗೆದು ಒಳಗಿನ ಎರಡು ಸೆಲ್ಲುಗಳನ್ನು ಕಿತ್ತು ಸಾಸಿವೆ ಡಬ್ಬಿಯಲ್ಲಿ ಹೂತಿಟ್ಟೆ. ಅಪ್ಪ ಬಂದು ಕೂತು, ಕೇಳಿಸದೆ, ಕೂಗಾಡಿ, ಕಡೆಗೆ ಟಿವಿಯ ದನಿಯನ್ನು ಮೊದಲಿನಂತೆ ಬಿಡಲಿ, ಆಗ ನಾನು "ಅವ್ವ ಹೋದದ್ದು ಈ ಡಬ್ಬದಿಂದಲೇ" ಎಂದು ಜಗಳ ತೆಗೆಯಬೇಕು ಎಂದಿದ್ದೆ.

ಅಪ್ಪ ಬಂದ, ಹೆಡ್‌ಫೋನ್ ಹಾಕಿಕೊಂಡ, ಕಿವಿಯ ಬಳಿಯ ಗಾಲಿ ತಿರುಗಿಸಿ ದನಿ ಹದ ಮಾಡಿಕೊಂಡ. ಧಾರಾವಾಹಿ ಸುರುವಾಯಿತು. ಅಪ್ಪ ನೋಡುತ್ತಲೇ ಇದ್ದ. ಅತ್ತೆ ಸೊಸೆಗೆ ಬೈದಾಗ ತಲೆ ಅಲ್ಲಾಡಿಸಿದ. ದಪ್ಪ ಮಾವ ಬಾಳೆಹಣ್ಣಿನ ಬುಟ್ಟಿಯ ಮೇಲೆ ಕೂತಾಗ ಹೊಟ್ಟೆ ತುಂಬ ನಕ್ಕ. ಸತ್ತ ಹೆಡ್‌ಫೋನ್ ಕಿವಿಗಿಟ್ಟುಕೊಂಡು, ಅವ್ವಾ, ಅವತ್ತಿನದೇ ನಗು. ನಾನು ಬಾಗಿಲಲ್ಲಿ, ನೀನು ನಿಂತಲ್ಲೇ ನಿಂತು, "ಅಪ್ಪಾ" ಎಂದೆ. ಇನ್ನೊಮ್ಮೆ ಗಟ್ಟಿಯಾಗಿ ಕರೆದೆ. ಒಳಗೆ ಮಲಗಿದ್ದ ಅಣ್ಣ ಎದ್ದು "ಏನವಾ ನಿಂದು?" ಎಂದು ಬೈದ. ಅಪ್ಪ ತಿರುಗಲಿಲ್ಲ.

ನಾನು ಹೋಗಿ ಎದುರಿಗೆ ನಿಂತೆ. ಅಪ್ಪ ಮರ್ಯಾದೆಯಿಂದ ಆ ಗಾಲಿಯನ್ನು ಕೆಳಗೆ ತಿರುಗಿಸಿ, ಇಲ್ಲದ ದನಿಯನ್ನು ತಗ್ಗಿಸಿ, ನನ್ನ ಮುಖ ನೋಡಿದ. ನನಗೆ ಏನು ತೋಚಿತೋ, ದನಿಯೇ ತೆಗೆಯದೆ ಬರಿ ತುಟಿಯಲ್ಲಿ ಕೇಳಿದೆ: ಚಹಾ ಬೇಕೇನಪ್ಪಾ? "ಸಕ್ಕರಿ ಕಮ್ಮಿ ಹಾಕು" ಅಂದ. ವೇಲ್ ಎಳೆದು ಬಾಯಿ ಮುಚ್ಚಿಕೊಂಡು, ಈ ಸಲ ಗಟ್ಟಿಯಾಗಿಯೇ, "ಹಾಲು ಒಡದದ, ಕರೀ ಚಹಾ ಕುಡೀತಿ?" ಎಂದೆ. ಅಪ್ಪ ನನ್ನ ಕಣ್ಣನ್ನೇ ನೋಡುತ್ತ ಕಾದ. ನೀನು ಅಷ್ಟು ವರ್ಷ ನೋಡಿದ ಆ ಮುಖ, ಸಿಟ್ಟೂ ಅಲ್ಲದ, ಪ್ರೀತಿಯೂ ಅಲ್ಲದ ಆ ಬರಿ ಮುಖ, ಅದೇ.

ಮುಚ್ಚಳ ತೆಗೆದು ಖಾಲಿ ಗೂಡು ತೋರಿಸಿದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆ ಅಂದುಕೊಂಡೆ. "ಸಿಐಡಿ ಕೆಲಸಾ ಸುರು ಮಾಡೀಯೇನು, ಲೀಡರ್‌ಬಾಯಿ?" ಎಂದು ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. ಆಮೇಲೆ ಮೆಲ್ಲಗೆ ಹೇಳಿದ. ಫೋರ್ಜ್ ಶಾಪಿನಲ್ಲಿ, ಕಾದ ಕಬ್ಬಿಣ ಬಡಿಯುವ ಆ ಯಂತ್ರದ ಸುತ್ತಿಗೆಗಳ ನಡುವೆ, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲವಂತೆ. "ಬಾಯಿ ನೋಡೇ ಮಾತಾಡ್ತಿದ್ವಿ. ತೆಲುಗು ಬಾಯಿ ಬ್ಯಾರೆ ಆಡ್ತದ, ಹಿಂದಿ ಬಾಯಿ ಬ್ಯಾರೆ ಆಡ್ತದ. ಕಿವಿ ಯಾವಾಗ ಹೋತು ಅನ್ನೋದೇ ಗೊತ್ತಾಗ್ಲಿಲ್ಲ, ಕೆಲಸಾ ನಡದಿತ್ತಲ್ಲ." ಹೆಡ್‌ಫೋನ್ ಬಂದ ಹೊಸದರಲ್ಲಿ, ಪೂರ್ತಿ ದನಿ ಏರಿಸಿದರೆ, ಬಾವಿಯೊಳಗಿಂದ ಯಾರೋ ಕರೆದಂತೆ ಒಂದಿಷ್ಟು ಕೇಳಿತ್ತಂತೆ. ಅದಕ್ಕೇ ಬಾಲ್ಕನಿಯಲ್ಲಿ ಅವತ್ತು ಆ ಸಂತೋಷ. ಶ್ರಾವಣ ಬರುವಷ್ಟರಲ್ಲಿ ಅದೂ ಮುಗಿಯಿತು. ಮತ್ತೆ ಯಾಕೆ ಹಾಕಿಕೊಳ್ಳುತ್ತಿ ಎಂದು ಕೇಳಿದೆ. "ಇದು ತಲಿ ಮ್ಯಾಲಿದ್ರ ಕಿವುಡ ಅನ್ನಂಗಿಲ್ಲವಾ. ಟಿವಿ ನೋಡಾಕತ್ತಾನ ಅಂತಾರ."

ನಾನು ಓದಿದ ಯಾವ ಪುಸ್ತಿಕೆಯಲ್ಲೂ ಈ ಸಾಲು ಇರಲಿಲ್ಲ. ಕಾರ್ಖಾನೆಯವರು ಕಿವಿಗೆ ಹತ್ತಿ ಬಿಟ್ಟು ಏನೂ ಕೊಡಲಿಲ್ಲವಂತೆ. ನಾನು ಪರಿಹಾರಕ್ಕೆ ಅರ್ಜಿ ಬರೆಯುತ್ತೇನೆ, ಅಪ್ಪ ಬೇಡ ಎಂದರೂ ಬರೆಯುತ್ತೇನೆ. ಅದಿರಲಿ. ನಾನು ನಿನಗೆ ಹೇಳಬೇಕಾದದ್ದು ಬೇರೆ. ಅಪ್ಪ ನನ್ನ ಮಾತು ತಿಳಿಯುತ್ತಿದ್ದ, ಅಣ್ಣನದು, ಪ್ರೇಮಾ ಆಂಟಿಯದು, ಟಿವಿಯ ಸೊಸೆಯದೂ ತಿಳಿಯುತ್ತಿದ್ದ. ತಿಳಿಯದೆ ಇದ್ದದ್ದು ನಿನ್ನದೊಂದೇ. ಅಜ್ಜಿ ಇದ್ದಾಗ ಕಲಿತ ರೂಢಿಯನ್ನು ನೀನು ಅಜ್ಜಿ ಹೋಗಿ ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಗಂಡನ ಮುಂದೆ ನಿಲ್ಲುವುದಿಲ್ಲ, ಬಾಗಿಲ ಮರೆಯಿಂದ ಹೇಳುತ್ತಿ, ಎದುರು ಬಂದರೆ ಬಾಯಿಗೆ ಸೆರಗು. ಅದು ಗುಲಾಮಗಿರಿ ಎಂದು ನಾನು ನಿನ್ನೊಂದಿಗೆ ಎಷ್ಟು ವಾದ ಮಾಡಿಲ್ಲ! ನೀನು "ಮಾತಿಗಿ ಮುಖ ಯಾಕ ಬೇಕು, ಬಾಯಿದ್ರ ಸಾಕು" ಅನ್ನುತ್ತಿದ್ದೆ. ನೀನು ಮರ್ಯಾದೆ ಕೊಟ್ಟೆ, ಅಪ್ಪನಿಗೆ ಮೌನ ಸಿಕ್ಕಿತು. ಅಪ್ಪ ಸುಮ್ಮನಿದ್ದ, ನಿನಗೆ ತಾತ್ಸಾರ ಕಂಡಿತು. ಇಬ್ಬರೂ ಒಂದೇ ಮನೆಯಲ್ಲಿ ಹೀಗೆ ಕಳೆದಿರಲ್ಲ ಎಂದು ನೆನೆದರೆ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ.

ಇನ್ನೊಂದು ಗೊತ್ತೇ? ಅಪ್ಪನಿಗೂ ನಿನ್ನ ಮೇಲೆ ಸಿಟ್ಟಿದೆ. ಅವತ್ತು ಸಂಜೆ ಚಹಾಕ್ಕೆಂದು ಎದ್ದು ಅಡುಗೆಮನೆಗೆ ಹೋದರೆ ಒಲೆ ತಣ್ಣಗಿತ್ತಂತೆ. "ಮೂವತ್ತು ವರ್ಷ ಸಂಸಾರ ಮಾಡಿದಾಕಿ, ಒಂದು ಮಾತು ಹೇಳ್ದಽ ಹೋದ್ಳು" ಅಂದ. ಅವ್ವ ಹೇಳಿದಳು, ಬಾಗಿಲಲ್ಲಿ ನಿಂತು ಹೇಳಿದಳು, ನೀನು ಬೇಡ ಅನ್ನಲಿ ಎಂದು ಕಾದಳು ಎಂದೆ. ನಂಬಲಿಲ್ಲ. "ನೀ ನಿಮ್ಮವ್ವನ ಪಾರ್ಟಿ, ನಿನ್ನ ಸಾಕ್ಷಿ ನಡಿಯಂಗಿಲ್ಲ" ಎಂದು ಎದ್ದು ಹೋದ. ಹೋಗುವ ಮುನ್ನ "ಇದನ್ನ ನಿಮ್ಮವ್ವಗ ಬರೀಬ್ಯಾಡ" ಎಂದೂ ಹೇಳಿದ. ನಾನು ತಲೆ ಆಡಿಸಲಿಲ್ಲ, ಮಾತೂ ಕೊಡಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಈಗ ಅಪ್ಪ ಕುರ್ಚಿಯಲ್ಲಿ ಕೂತಿದ್ದಾನೆ. ಟಿವಿಯ ನೀಲಿ ಬೆಳಕು ಹಣೆಯ ಮೇಲೆ ಆಡುತ್ತಿದೆ. ಸೆಲ್ಲುಗಳನ್ನು ತಿರುಗಿ ಕೊಟ್ಟೆ, ಬೇಡವೆಂದ. ಹೆಡ್‌ಫೋನ್ ಈಗ ನನ್ನ ತಲೆಯ ಮೇಲಿದೆ. ನಾನು ಕೇಳುತ್ತ, ಪರದೆಯಲ್ಲಿ ಬಾಯಿ ಕಾಣದೆ ಅಪ್ಪನಿಗೆ ತಪ್ಪಿದ ಮಾತನ್ನು ಎದುರಿಗೆ ತಿರುಗಿ ತುಟಿಯಲ್ಲಿ ಹೇಳುತ್ತ, ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಸದ್ದಿಲ್ಲ, ಆದರೆ ಮೊದಲಿನ ಮೂಕತನವೂ ಅಲ್ಲ. ನೀರಿನ ತಳದಲ್ಲಿ ಕೂತು ಇಬ್ಬರು ಹರಟೆ ಹೊಡೆದಂತೆ ಏನೋ ಒಂದು ನಡೆದಿದೆ. ಬಾ ಎಂದು ನಾನು ನಿನ್ನನ್ನು ಒತ್ತಾಯಿಸುವುದಿಲ್ಲ. ಹೆಣ್ಣು ತನ್ನ ಇಷ್ಟದಂತೆ ಇರಬೇಕು, ತವರಿನಲ್ಲಾದರೂ ಸರಿ. ಗೊತ್ತಾದ ಮೇಲೆ ನಿನ್ನ ಇಷ್ಟ ಏನು ಎಂಬುದನ್ನಷ್ಟೇ ಕೇಳುತ್ತೇನೆ.

ಚಿಗವ್ವನಿಗೆ ನನ್ನ ಶರಣು, ಸುವರ್ಣಕ್ಕನಿಗೆ ನೆನಪು, ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ನಿನ್ನ ಪಾದ ಮುಟ್ಟುವುದು ನನ್ನ ತತ್ವಕ್ಕೆ ಒಗ್ಗದು, ಆದರೂ ಮೊಣಕಾಲಿಗೆ ಎಣ್ಣೆ ತಿಕ್ಕುವ ನೆಪದಲ್ಲಿ ಮುಟ್ಟಿದ್ದೇನೆ ಅಂದುಕೋ.

ನಿನ್ನ ಮಗಳು,
ಗುರುದೇವಿ

ತಾ.ಕ.: ಅಣ್ಣ ಚಪ್ಪಲಿ ಮೆಟ್ಟಿ ಪತ್ರ ಡಬ್ಬಿಗೆ ಹಾಕಲು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪ ಸಂಜೆ ವಾಕಿಂಗ್ ಎಂದು ಹೋಗುವುದು ಎಲ್ಲಿಗೆ ಎಂದು ಅಣ್ಣ ಈಗಷ್ಟೇ ಹೇಳಿದ. ಲಿಂಗಂಪಲ್ಲಿ ಸ್ಟೇಷನ್ನಿಗಂತೆ. ರಾಯಚೂರು ಕಡೆಯಿಂದ ಬರುವ ರೈಲು ನಿಂತು ಹೋಗುವತನಕ ಚಹಾದ ಅಂಗಡಿಯ ಪಕ್ಕ ನಿಂತಿದ್ದು ತಿರುಗಿ ಬರುತ್ತಾನಂತೆ. ನೀನು ಇಳಿದರೆ ಹಿಂದಿನಿಂದ ಕರೆಯಬೇಡ ಅವ್ವಾ. ಕೂಗಲೂ ಬೇಡ. ಎದುರಿಗೆ ಹೋಗಿ ನಿಲ್ಲು, ಸೆರಗು ಹೆಗಲ ಮೇಲೆಯೇ ಇರಲಿ, ಜನ ನೋಡಿದರೆ ನೋಡಲಿ. ಮೊದಲು ಇಷ್ಟೇ ಹೇಳು, ಮೆಲ್ಲಗೆ: "ನಾ ಹೇಳೇ ಹೋಗಿದ್ದೆನ್ರಿ."