ಸಂಪದಾ ಟೀಚರ ಚೀಟಿ

ಕೇಶ್ವಾಪುರ, ಹುಬ್ಬಳ್ಳಿ
ಶ್ರಾವಣ ಮಂಗಳವಾರ, ೧೨ ಆಗಸ್ಟ್ ೨೦೨೫

ಚಿ. ಸೌ. ಸಂಪದಾಳಿಗೆ ಅತ್ತೆಯ ಮನಃಪೂರ್ವಕ ಆಶೀರ್ವಾದ.

ಇದನ್ನು ಬರೆಯುತ್ತಿರುವವಳು ವೆಂಕಣ್ಣನವರ ಧರ್ಮಪತ್ನಿ, ಅತುಲನ ತಾಯಿ, ನಮ್ಮ ಓಣಿಯ ಮಹಿಳಾ ಮಂಡಳಕ್ಕೆ ಇಷ್ಟು ವರ್ಷವೂ ಅವಿರೋಧವಾಗಿ ಆರಿಸಿ ಬಂದ ಅಧ್ಯಕ್ಷೆ ತಾರಾಬಾಯಿ. ನಿನಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಮುಂದೆ ಓದುತ್ತ ಹೋದಂತೆ ಇದನ್ನು ಬೇರೆ ಯಾರೋ ಬರೆದಿರಬೇಕು ಎಂದು ಅನ್ನಿಸೀತು, ಅದಕ್ಕೆ ಮೊದಲೇ ಹೇಳಿಡುತ್ತೇನೆ. ನಾನು ಹೇಳದೆ ಈ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬಟ್ಟೆ ಬಿಚ್ಚುವುದಿಲ್ಲ. ಅದು ಇಂದಿಗೂ ಹಾಗೆಯೇ ಇದೆ.

ಕಾಲಿನ ಬಾವು ಇಳಿಯಿತೇ? ರಾತ್ರಿ ಎಡಮಗ್ಗುಲಾಗಿ ಮಲಗುತ್ತೀಯೋ ಇಲ್ಲವೋ? ಬಾಗಲಕೋಟೆಯ ಬಿಸಿಲು ಶ್ರಾವಣದಲ್ಲೂ ಬಿಡುವುದಿಲ್ಲ, ನೀರು ಹೆಚ್ಚು ಕುಡಿ. ನಿಮ್ಮ ತಾಯಿಯವರ ಅಡಿಗೆಯಲ್ಲಿ ಖಾರ ಮುಂದಾಗಿರುತ್ತದೆ ಎಂದು ನಾನು ಹೇಳಿದೆ ಅಂತ ಅವರಿಗೆ ಹೇಳಬೇಡ, ಆದರೆ ಮೊಸರು ಕೇಳಿ ಹಾಕಿಸಿಕೋ. ಬಾಣಂತನದ ಅಂಟಿನ ಉಂಡಿಗೆ ಒಣಕೊಬ್ಬರಿ, ಉತ್ತತ್ತಿ ಈಗಲೇ ಆರಿಸಿ ಇಟ್ಟಿದ್ದೇನೆ. ನಿಮ್ಮ ಮಾವನವರು ಉತ್ತತ್ತಿಯ ಡಬ್ಬಿಯ ಸುತ್ತ ಸುಳಿದಾಡುತ್ತಿದ್ದಾರೆ. ಅತುಲ ಗೋಕುಲ ರಸ್ತೆಯ ಕಾರಖಾನೆಯಿಂದ ಬಂದವನೇ ಫೋನು ಹಿಡಿದು ಅಟ್ಟಕ್ಕೆ ಹೋಗುತ್ತಾನೆ, ಯಾರಿಗೆ ಹಚ್ಚುತ್ತಾನೆಂದು ನಾನು ಕೇಳುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಪತ್ರವೇಕೆ ಎನ್ನುತ್ತೀ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು “ಹೂಂನ್ರಿ ಅತ್ತಿ” ಅನ್ನುತ್ತೀ. ನನಗೆ ಈ ಸಲ ಹೂಂ ಬೇಡವಾಗಿದೆ.

ನಿನ್ನ ಬಸಿರಿನ ಕುಬಸದ ದಿನ ನಿಮ್ಮ ತಾಯಿಯವರ ಎದುರಿಗೇ ನಾನು “ಕೂಸು ಆದಮ್ಯಾಲೆ ಸಾಲಿ ಸಾಕು” ಎಂದಿದ್ದೆ. ನೀನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಒಪ್ಪಿಗೆ ಎಂದೇ ತಿಳಿದೆ. ನಿನ್ನ ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಮುಚ್ಚಿಟ್ಟದ್ದಲ್ಲ. ಅತಿಥಿ ಶಿಕ್ಷಕಿ ಅಂದಮೇಲೆ ಅತಿಥಿಯ ಹಾಗೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ಬರಬೇಕು, ಅಲ್ಲೇ ಕೂತುಬಿಡಬಾರದು ಎಂದು ಬಂದವರಿಗೆಲ್ಲ ಹೇಳಿ ನಗಿಸಿದ್ದೇನೆ. ಹೋದ ವಾರ ನಿಮ್ಮ ಸಾಲೆಯ ಮುಖ್ಯ ಟೀಚರ್ ಡೋರಾ ಅವರ ಫೋನು ಬಂತು. ನೀನು ಕೋಣೆಯಲ್ಲಿ ಬಿಟ್ಟುಹೋದ ಪಾಠದ ಸಾಮಾನಿನ ಪೆಟ್ಟಿಗೆ ಬೇಕಾಗಿದೆಯಂತೆ. ಜೊತೆಗೆ, ಸಂಕ್ರಮಣ ಆದಮೇಲೆ ನೀನು ತಿರುಗಿ ಬರುತ್ತೀಯೋ ಇಲ್ಲವೋ ತಿಳಿಸಬೇಕು, ಬರುವುದಿದ್ದರೆ ಅಲ್ಲಿಯವರೆಗೆ ನಾಲ್ಕನೆಯ ಇಯತ್ತೆಯನ್ನೂ ತಾವೇ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಬೇರೆಯವರ ಹೆಸರು ಬರೆದು ಕಳಿಸುತ್ತಾರೆ. ಪೆಟ್ಟಿಗೆ ಕೊಟ್ಟು, ನೀನು ಬರುವುದಿಲ್ಲ ಎಂದು ಹೇಳಿ, ಒಂದೇ ಸುತ್ತಿನಲ್ಲಿ ಎರಡೂ ಕೆಲಸ ಮುಗಿಸೋಣವೆಂದು ನಿನ್ನೆ ನಾನೇ ಹೊರಟೆ.

ಪೆಟ್ಟಿಗೆಗೆ ಹಗ್ಗ ಕಟ್ಟುವ ಮೊದಲು ಮುಚ್ಚಳ ತೆಗೆದು ನೋಡಿದೆ. ನೋಡಿದ್ದಕ್ಕೆ ನಿನ್ನ ಅಪ್ಪಣೆ ಕೇಳಲಿಲ್ಲ. ಅಲ್ಲವೇ ಸಂಪದಾ, ಅರ್ಧ ಮನೆಯೇ ಅದರೊಳಗೆ ಇತ್ತಲ್ಲ! ನಿಮ್ಮ ಮಾವನವರ ಉಣ್ಣೆಯ ಕಾಲುಚೀಲಗಳಿಗೆ ಕಣ್ಣು ಮೂಗು ಹೊಲಿದು ಗೊಂಬೆ ಮಾಡಿದ್ದೀ, ಅವರು ಹೋದ ಚಳಿಗಾಲವೆಲ್ಲ ಹುಡುಕಿದರು. ನನ್ನ ಟ್ರಂಕಿನಲ್ಲಿದ್ದ ಲಗ್ನಪತ್ರಿಕೆಗಳಿಂದ ದೊಡ್ಡ ದೊಡ್ಡ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿದ್ದೀ. ನಿನ್ನದೇ ಲಗ್ನಪತ್ರಿಕೆಯೂ ಸಿಕ್ಕಿತು, ಅದರಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ‘ತಾ’ ಇಲ್ಲ, ಒಂದು ತೂತು ಇದೆ. ಸಿಟ್ಟು ನೆತ್ತಿಗೇರಿತು. ಹಗ್ಗ ಬಿಗಿಯಾಗಿಯೇ ಕಟ್ಟಿದೆ.

ಕಮರಿಪೇಟೆಯ ಆ ಓಣಿಗೆ ಆಟೋದವನು ಒಳಗೆ ಬರುವುದಿಲ್ಲವೆಂದ. ಪೆಟ್ಟಿಗೆ ಎತ್ತಿಸಿಕೊಂಡು ನಡೆದು ಹೋದೆ. ಡೋರಾ ಮೂರನೆಯ ಇಯತ್ತೆಯ ಬಾಗಿಲಲ್ಲಿ ನಿಂತಿದ್ದರು. ನಿಂತ ಕಾಲಮೇಲೆಯೇ ಹೇಳಿಬಿಟ್ಟೆ, “ಸಂಪದಾ ಇನ್ನ ಬರೂದಿಲ್ಲರಿ, ನೀವು ಬ್ಯಾರೆಯವರನ್ನ ನೋಡ್ಕೋರಿ.” ಅವರ ಮುಖ ಸಣ್ಣದಾಯಿತು. “ಸಂಪದಾ ಹಂಗ ಹೇಳ್ಯಾರೇನ್ರಿ?” ಎಂದರು. “ನಾ ಹೇಳಿದ್ರ ಆಕಿ ಹೇಳಿದ್ಹಂಗss” ಎಂದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. “ಕೂಡ್ರಿ ತಾಯಾರ, ಬಿಸಲಾಗ ಬಂದೀರಿ, ಚಹಾ ತರಸ್ತೇನಿ. ನಾಲ್ಕನೇತ್ತೆ ಕ್ವಾಣ್ಯಾಗ ಫ್ಯಾನ್ ಐತಿ” ಎಂದು ನಿನ್ನ ಕೋಣೆಯಲ್ಲಿ ಕೂಡಿಸಿ, ಪಕ್ಕದ ಕೋಣೆಗೆ ಪಾಠಕ್ಕೆ ಹೋದರು.

ಟೀಚರ್ ಇಲ್ಲದ ಕೋಣೆ ಎಂದರೆ ಸಂತೆ ಎಂದೇ ತಿಳಿದು ಕೂತಿದ್ದೆ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆಯ ಚಿಮಟಿ ಸಿಕ್ಕಿಸಿ, ಸಾಬೂನಿನ ಹೊದಿಕೆ, ಬಿಸ್ಕೀಟಿನ ಹೊದಿಕೆ, ಕೈಯಿಂದ ಬರೆದ ಬಸ್ಸಿನ ಬೋರ್ಡು, ಇಸ್ತಿಯಾಕನ ಸೈಕಲ್ ಅಂಗಡಿಯ ಹೆಸರು, ಎಲ್ಲ ತೂಗುಹಾಕಿದ್ದೀಯಲ್ಲ, ಅದನ್ನು ನೋಡಿದೆ. ಸಾಲೆಗೆ ಬರುವ ದಾರಿಯಲ್ಲಿ ಕಂಡ ಅಕ್ಷರ ಸಾಲೆಯ ಒಳಗೂ ಬಂದು ನಿಂತಿದ್ದವು. ನಾವು ಕಲಿಯುವಾಗ ಅಕ್ಷರ ಬೆತ್ತದ ಜೊತೆ ಬರುತ್ತಿತ್ತು.

ಸೋಮವಾರ ಊಟ ಆದಮೇಲೆ ನಿಮ್ಮ ಇಯತ್ತೆಯ ಸಭೆಯಂತೆ. ಹೇಳುವವರು ಕೇಳುವವರು ಯಾರೂ ಇಲ್ಲ, ಮಕ್ಕಳು ತಾವಾಗಿಯೇ ದುಂಡಗೆ ಕೂತವು. ಪಾಳಿಯ ಪ್ರಕಾರ ಈ ವಾರದ ಅಧ್ಯಕ್ಷೆ ಋತುಜಾ ಎಂಬ ಹುಡುಗಿ, ಎರಡು ಜಡೆ, ಮುಂದಿನ ಹಲ್ಲು ಬಿದ್ದಿದೆ. ಅವಳು ಕಪಾಟಿನಿಂದ ತೆಗೆದದ್ದು ಏನು? ನನ್ನ ಕಟ್ಟಿಗೆಯ ಸೌಟು! ಹೋಳಿಗೆಯ ಹೂರಣ ತಿರುವುವ, ನನ್ನ ಅತ್ತೆಯವರ ಕಾಲದ ಸೌಟು. ಅದು ಯಾರ ಕೈಯಲ್ಲಿ ಇದೆಯೋ ಅವರಷ್ಟೇ ಮಾತಾಡಬೇಕು, ಉಳಿದವರು ಕೇಳಬೇಕು ಎಂದು ಗೋಡೆಯ ಮೇಲೆ ಮಕ್ಕಳ ಅಕ್ಷರದಲ್ಲೇ ಬರೆದು ಹಚ್ಚಿತ್ತು. ಒಂದು ಹುಡುಗಿಯ ಮಾತು ಮುಗಿಯುವವರೆಗೆ ತಡೆದುಕೊಂಡೆ, ಆಮೇಲೆ ಎದ್ದೇಬಿಟ್ಟೆ, “ಏ, ಆ ಸೌಟು ಎಲ್ಲಿಂದ ಬಂತು?” ಎಂದೆ. ಋತುಜಾ ನನ್ನತ್ತ ತಿರುಗಿ, ಸಿಟ್ಟಿಲ್ಲದೆ, “ಅಜ್ಜಿ, ಸೌಟು ನಿಮ್ಮ ಕೈಯಾಗ ಇಲ್ರಿ” ಎಂದಳು. “ಆ ಸೌಟು ನಂದss ಅದ!” ಎಂದೆ. “ಹೌದೇನ್ರಿ? ಛಲೋ ಐತ್ರಿ. ಆದ್ರ ಈಗ ನವಾಜನ ಪಾಳಿರಿ.”

ನಾನು ಕೂತೆ. ನನ್ನನ್ನು ಹಾಗೆ ಕೂಡಿಸಿದವರು ಇನ್ನಾರೂ ನೆನಪಿಗೆ ಬರುವುದಿಲ್ಲ.

ಪ್ರಶ್ನೆ ಏನೆಂದರೆ, ಮಧ್ಯಾಹ್ನದ ಓದು ಎಲ್ಲರೂ ಕೂಡಿ ಜೋರಾಗಿ ಓದಬೇಕೋ, ತಮ್ಮ ತಮ್ಮೊಳಗೇ ಓದಬೇಕೋ. ನೀನು ಹೋಗುವ ಮೊದಲೇ ಅವರಿಗೆ ಬಿಟ್ಟು ಹೋದ ಪ್ರಶ್ನೆಯಂತೆ. ಸುರಭಿ ಎಂಬ ಹುಡುಗಿ, ಎಲ್ಲರಿಗಿಂತ ಛಲೋ ಓದುವವಳಂತೆ, ಆಗಲೇ ಮಾತು ಮುಗಿಸಿದ್ದಳು, “ಇವರ ಗದ್ದಲದಾಗ ನನಗ ಕಥಿ ತಿಳಿಯಂಗಿಲ್ಲ” ಎಂದು. ನವಾಜ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. “ನನಗ ಒಬ್ಬಾಂವಗ ಓದಾಕ ಬರಂಗಿಲ್ಲ. ಎಲ್ಲಾರೂ ಜೋರಾಗಿ ಓದಿದ್ರ ನಾನೂ ಅವರ ಹಿಂದಿಂದ ಓದತೇನಿ. ಮನಸಿನ್ಯಾಗ ಓದ್ರಿ ಅಂದ್ರ ನಾ ಬರೇ ಪುಸ್ತಕ ನೋಡ್ಕೋತ ಕುಂದರ್ತೇನಿ.”

ಸಂಪದಾ, ಒಬ್ಬರೂ ನಗಲಿಲ್ಲ. ನನಗೆ ಓದಲು ಬರುವುದಿಲ್ಲ ಎಂದು ಎಲ್ಲರ ಎದುರು ನಿಂತು ಹೇಳುವ ಮಗುವೊಂದಿದೆ, ಕೇಳುವ ಮಕ್ಕಳು ನಗುವುದಿಲ್ಲ. ಇಂಥದ್ದು ಈ ಊರಿನಲ್ಲಿ, ನಮ್ಮ ಮನೆಯ ಸೌಟು ಹಿಡಿದು ನಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸುರಭಿ ಮತ್ತೆ ಸೌಟು ಕೇಳಿ ತೆಗೆದುಕೊಂಡಳು. “ನಂಗ ಈಗೂ ಮನಸಿನ್ಯಾಗ ಓದೂದss ಸೇರತೈತಿ. ಆದ್ರ ನನ್ನ ಚೀಟಿ ಜೋರ ಓದಾಕss ಹಾಕತೇನಿ.” ಹಿಂದಿನಿಂದ ಒಬ್ಬ ಹುಡುಗ, “ಏ ಹುಚ್ಚಿ, ಹೇಳಬಾರದ, ಗುಟ್ಟಿಂದು!” ಎಂದು ಕೂಗಿದ. ಆಗ ಮಾತ್ರ ಎಲ್ಲವೂ ನಕ್ಕವು, ಅವಳೂ ಬಾಯಿ ಮುಚ್ಚಿಕೊಂಡು ನಕ್ಕಳು. ನಮ್ಮ ಮಹಿಳಾ ಮಂಡಳದಲ್ಲಿ ಇಷ್ಟು ವರ್ಷದಲ್ಲಿ ಒಬ್ಬರ ಮಾತು ಕೇಳಿ ಇನ್ನೊಬ್ಬರು ಮನಸ್ಸು ಬದಲಿಸಿದ್ದನ್ನು ನಾನು ಕಂಡಿಲ್ಲ. ಅಲ್ಲಿ ನಾನು ಮಾತಾಡುತ್ತೇನೆ, ಉಳಿದವರು ಚಹಾ ಕುಡಿಯುತ್ತಾರೆ. ಅದನ್ನೇ ಅವಿರೋಧ ಎನ್ನುತ್ತ ಬಂದೆವು.

ಆಮೇಲೆ ಚೀಟಿ. ಬಾಯಿ ತೆರೆದ ಮುಖ ಒಂದು, ಬಾಯಿ ಮುಚ್ಚಿದ ಮುಖ ಒಂದು, ಬೇಕಾದದ್ದಕ್ಕೆ ಗುರುತು ಹಾಕಬೇಕು. ಧಾರವಾಡ ಪೇಡೆಯ ಡಬ್ಬಿಗೆ ಸೀಳು ಕೊಯ್ದು ಮಾಡಿದ ಮತಪೆಟ್ಟಿಗೆ. ಒಬ್ಬೊಬ್ಬರೇ ಗೋಡೆಯ ಕಡೆ ಮುಖ ಮಾಡಿ ಗುರುತು ಹಾಕಿ, ಮಡಿಚಿ, ಹಾಕಿ ಬಂದವು. ಮೇಜಿನ ಮೇಲೆ ಒಂದು ಚೀಟಿ ಉಳಿಯಿತು. ಹಿಂದೆ ‘ಸಂಪದಾ ಟೀಚರ್’ ಎಂದು ಬರೆದಿತ್ತು. ಟೀಚರದೂ ಒಂದೇ ಚೀಟಿಯಂತೆ, ಹೆಚ್ಚಿಲ್ಲ. ನಾನು ಕೈಚಾಚಿದೆ, “ತಾ ಇಲ್ಲೆ, ನಾ ಹಾಕತೇನಿ. ನಾ ಆಕೀ ಅತ್ತಿ. ಆಕೀ ಮನಸಿನ್ಯಾಗ ಏನದ ನನಗ ಗೊತ್ತದ.”

ಋತುಜಾ ಚೀಟಿ ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಅನ್ನಲಿಲ್ಲ. “ಟೀಚರನ್ನ ಕೇಳೀರೇನ್ರಿ ಅಜ್ಜಿ?” ಎಂದಳು.

ಅಷ್ಟೇ. ಆ ಹುಡುಗಿಗೆ ಕುಬಸದ ದಿನದ್ದೇನೂ ಗೊತ್ತಿಲ್ಲ, ಈಗಷ್ಟೇ ಬಾಗಿಲಲ್ಲಿ ನಾನು ಡೋರಾಗೆ ಹೇಳಿದ್ದೂ ಗೊತ್ತಿಲ್ಲ. ಅವಳು ಕೇಳಿದ್ದು ಪೇಡೆ ಡಬ್ಬಿಗೆ ಹಾಕುವ ಚೀಟಿಯ ವಿಷಯವಷ್ಟೇ. ಅಷ್ಟೂ ಮಕ್ಕಳು ನನ್ನ ಮುಖ ನೋಡುತ್ತಿದ್ದವು, ಆ ಮಕ್ಕಳ ಎದುರು ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. “ಇಲ್ಲ” ಎಂದೆ. “ಹಂಗಾದ್ರ ನೀವು ಹಾಕಿದ್ರ ಅದು ನಿಮ್ಮ ಚೀಟಿ ಆಗತೈತ್ರಿ. ಟೀಚರದಲ್ಲ” ಎಂದು ಚೀಟಿಯನ್ನು ಸೌಟಿನ ಕೆಳಗೆ ಇಟ್ಟಳು. ನಿನ್ನ ಚೀಟಿ ಬರುವವರೆಗೆ ಡಬ್ಬಿ ತೆಗೆಯುವುದಿಲ್ಲವಂತೆ. ಅಲ್ಲಿಯತನಕ ಒಂದು ದಿನ ಜೋರು, ಒಂದು ದಿನ ಮನಸ್ಸಿನಲ್ಲಿ.

ನಿನ್ನೆ ಜೋರಿನ ದಿನ. ನಾನು ತಂದ ಪೆಟ್ಟಿಗೆಯಿಂದ ಒಂದು ದೊಡ್ಡ ಹಾಳೆಯ ಕಥೆ ತೆಗೆದು ದಾರಕ್ಕೆ ಸಿಕ್ಕಿಸಿದರು, ಎಲ್ಲರೂ ಕೂಡಿ ಓದಲು ಶುರುಮಾಡಿದರು. ನನ್ನ ತವರು ಧಾರವಾಡ, ಚಿಕ್ಕಂದಿನಿಂದ ಒಳ್ಳೊಳ್ಳೆಯ ಗವಾಯಿಗಳ ಬೈಠಕ್ಕಿನಲ್ಲಿ ಕೂತು ಬೆಳೆದವಳು. ಮೈ ಜುಮ್ಮೆನ್ನುವುದು ಏನೆಂದು ನನಗೆ ತಿಳಿಯದ್ದಲ್ಲ. ಆದರೆ ಆ ಧ್ವನಿಗಳ ನಡುವೆ ನವಾಜನ ತುಟಿ ಒಂದು ಅಕ್ಷರ ಹಿಂದೆ, ಒಂದು ಅಕ್ಷರ ಹಿಂದೆ ಬರುತ್ತಿತ್ತು. ಬರಬರುತ್ತ ಒಂದು ಸಾಲಿನ ಕೊನೆಗೆ ಬಂದಾಗ ಅವನೂ ಎಲ್ಲರ ಜೊತೆಗೇ ಮುಟ್ಟಿದ. ಯಾರೂ ಅದನ್ನು ಗಮನಿಸಲಿಲ್ಲ, ಅವನಿಗೆ ಗೊತ್ತಾಯಿತು, ನನಗೆ ಗೊತ್ತಾಯಿತು. ನನ್ನ ಚಹಾ ಕೆನೆಗಟ್ಟಿತ್ತು. ನೀನು ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಿದ್ದೆ ಎಂದು ನಾನು ನೋಡಿದ್ದು ನಿನ್ನೆ. ಕತ್ತರಿಸಿದ ಕಾಗದ, ಹರಕು ಕಾಲುಚೀಲ, ಒಂದು ಸೌಟು, ಇಷ್ಟರಿಂದ ಇದನ್ನು ಮಾಡಿದ್ದೀ. ನನ್ನ ಹೆಸರಿನ ‘ತಾ’ ಅಲ್ಲೇ ಇರಲಿ.

ಹೊರಗೆ ಬಂದು ಡೋರಾ ಅವರಿಗೆ, “ನಾ ಬರತ ಹೇಳಿದ್ದನ್ನ ಬಿಟ್ಟಬಿಡ್ರಿ” ಎಂದೆ. ಅವರಿಗೆ ಅರ್ಥವಾಗಲಿಲ್ಲ. “ಅಂದ್ರ ಸಂಪದಾ ಬರ್ತಾರೇನ್ರಿ?” ಎಂದರು. “ನನಗ ಗೊತ್ತಿಲ್ಲ. ಆಕೀನ್ನ ಕೇಳಬೇಕು” ಎಂದೆ. ನನ್ನ ಮನೆಯ ವಿಷಯದಲ್ಲಿ ‘ನನಗೆ ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಡೋರಾ ಬಲು ಚತುರೆ, ನಗು ಬಂದರೂ ತಡೆದುಕೊಂಡು, “ಹೆಸರು ಕಳಸೂದು ತಡೀತೇನಿ ತಾಯಾರ” ಎಂದರು. ಸೌಟು ತೆಗೆದುಕೊಂಡು ಹೋಗುತ್ತೀರೇನು ಎಂದೂ ಕೇಳಿದರು. ಬೇಡವೆಂದೆ. ನಾಗರ ಪಂಚಮಿಯಿಂದ ಹೂರಣವನ್ನು ಸ್ಟೀಲಿನ ಸೌಟಿನಲ್ಲೇ ತಿರುವುತ್ತಿದ್ದೇನೆ, ತಿರುವಲು ಬರುತ್ತದೆ.

ಇಷ್ಟು ಬರೆದದ್ದು ಕೆಲಸಕ್ಕೆ ಹೋಗು ಎಂದು ಹೇಳಲು ಅಲ್ಲ, ಬೇಡವೆನ್ನಲೂ ಅಲ್ಲ. ನಿನಗೆ ಕೂಸಿನೊಂದಿಗೆ ಮನೆಯಲ್ಲೇ ಇರುವ ಮನಸ್ಸಿದ್ದರೆ ಅದೂ ನಿನ್ನ ಮನಸ್ಸೇ. ಎಚ್ಚರದಿಂದ ಇರು, ಮೆಟ್ಟಿಲು ಹತ್ತಬೇಡ. ನಿಮ್ಮ ತಂದೆ ತಾಯಿಯರಿಗೆ ನಮ್ಮಿಬ್ಬರ ನಮಸ್ಕಾರ. ಇಂದು ಮಂಗಳಗೌರಿಗೆ ಹಚ್ಚಿದ ಕುಂಕುಮ ಇದರಲ್ಲಿ ಇಟ್ಟಿದ್ದೇನೆ, ಸುಖವಾಗಿ ಎರಡಾಗಿ ಬಾ.

ನಿನ್ನ ಅತ್ತೆ,
ತಾರಾಬಾಯಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅತುಲ ಕೊರಿಯರಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ. ಲಕೋಟೆಯಲ್ಲಿ ಎರಡು ಚೀಟಿ ಇವೆ. ಮುಖ ಬರೆದದ್ದು ಮಕ್ಕಳದ್ದು, ಋತುಜಾ ಬಹಳ ಯೋಚಿಸಿ ನನ್ನ ಕೈಗೆ ಕೊಟ್ಟಳು. ಇನ್ನೊಂದು ನಾನು ಕತ್ತರಿಸಿದ ಖಾಲಿ ಚೀಟಿ. ಸಾಲೆಗೆ ಬರುತ್ತೀಯೋ ಇಲ್ಲವೋ ಅದರಲ್ಲಿ ಬರೆದು, ಎರಡನ್ನೂ ಮಡಿಚಿ ನೇರವಾಗಿ ಡೋರಾ ಅವರಿಗೆ ಕಳಿಸು. ನಿಮ್ಮ ತಾಯಿಗೆ ತೋರಿಸಬೇಡ, ಅತುಲನನ್ನು ಕೇಳಬೇಡ, ನನಗಂತೂ ಮೊದಲೇ ಬೇಡ. ಮತ್ತೆ, ತೊಟ್ಟಿಲಿನ ಕೊಂಡಿಯನ್ನು ನಿಮ್ಮ ಕೋಣೆಯ ತೊಲೆಯಿಂದ ಬಿಚ್ಚಿಸಿ, ಬಡಿಗ ಮಹಾದೇವಪ್ಪನನ್ನು ಕರೆಸಿ ಇಂದು ಮುಂಜಾನೆ ನನ್ನ ಕೋಣೆಯಲ್ಲಿ ಹಾಕಿಸಿದ್ದೇನೆ. ಜೋತು ಬಿದ್ದು ನೋಡಿದೆ, ಗಟ್ಟಿಯಾಗಿದೆ. ನೀನು ಯಾವ ಚೀಟಿ ಕಳಿಸಿದರೂ ತೊಟ್ಟಿಲು ಅಲ್ಲೇ.